ಕತ್ತಿ ಕಟ್ಟಿಕೊಂಡು ಆಫೀಸಿಗೆ ಹೋಗಬೇಡಿ

ಒಂದನೇ ಸಮುವೇಲ 25ನೇ ಅಧ್ಯಾಯ ತೆಗೆಯಿರಿ. ಮೊಬೈಲಲ್ಲಿ ಓದುವವರು ವಾಟ್ಸಾಪ್ ಮುಚ್ಚಿಬಿಡಿ, ಆಮೇಲೆ ನೋಡಿದರಾಯ್ತು.

ಕರ್ತನಲ್ಲಿ ಪ್ರಿಯರೇ, ಯೌವನಸ್ಥರು ಪ್ರಾರ್ಥನೆಗೆ ಅಂತ ನನ್ನ ಹತ್ತಿರ ಬಂದಾಗ ಈಗೀಗ ಮದುವೆ ವಿಷಯಕ್ಕಿಂತ ಮ್ಯಾನೇಜರ್ ವಿಷಯನೇ ಜಾಸ್ತಿ. "ಪಾಸ್ಟರ್, ಅವರ ಹತ್ತಿರ ಮಾತಾಡೋಕೇ ಆಗಲ್ಲ." 17ನೇ ವಚನ ನೋಡಿ, ನಾಬಾಲನ ಆಳು ಅಬೀಗೈಲಳ ಹತ್ತಿರ ಅದೇ ದೂರು ಹೇಳ್ತಾನೆ. 3000 ಕುರಿ, 1000 ಆಡು ಇದ್ದ ಧಣಿ. ಸ್ವಭಾವ ಮಾತ್ರ ಬಲು ಒರಟು. ಹೆಸರಿನ ಅರ್ಥವೇ ಮೂರ್ಖ. ಅಂಥವರು ಪ್ರತಿ ಟೀಮಲ್ಲೂ ಒಬ್ಬರಾದರೂ ಇರ್ತಾರೆ.

ಆದರೆ ನಾಬಾಲನನ್ನು ಬಿಡಿ, ದಾವೀದನನ್ನು ನೋಡಿ. 24ನೇ ಅಧ್ಯಾಯದಲ್ಲಿ, ಗವಿಯೊಳಗೆ, ಸೌಲನೇ ಅವನ ಕೈಗೆ ಸಿಕ್ಕಿದ್ದ. ಕೊಲ್ಲಲಿಲ್ಲ. ನಿಲುವಂಗಿಯ ಅಂಚು ಕತ್ತರಿಸಿದ್ದಕ್ಕೇ ಮನಸ್ಸು ಚುಚ್ಚಿತು. ಮುಂದಿನ ಅಧ್ಯಾಯದಲ್ಲಿ ಒಬ್ಬ ಕುರಿ ಯಜಮಾನ ಊಟ ಕೊಡದೆ ಹೀಯಾಳಿಸಿದ ಅಂತ 400 ಜನರಿಗೆ ಕತ್ತಿ ಕಟ್ಟಿಸಿ ಹೊರಟ! ಅದೇ ಮನುಷ್ಯ, ಅದೇ ಅಭಿಷೇಕ. ನಡುವೆ ಏನಾಯ್ತು? ಮೊದಲನೇ ವಚನ ಓದಿ. ಸಮುವೇಲ ತೀರಿಹೋದ. ತಲೆಗೆ ಎಣ್ಣೆ ಹೊಯ್ದ ಪ್ರವಾದಿ ಇನ್ನಿಲ್ಲ, ಸೌಲ ಇನ್ನೂ ರಾಜ, ಜೊತೆಗಿರುವ 600 ಜನರ ಹೊಟ್ಟೆ ನೋಡಬೇಕು. ಆ ದಣಿವಿನ ಮೇಲೆ ಒಂದು ಕೆಟ್ಟ ಮಾತು ಬಿತ್ತು. ನಾವೂ ಅಷ್ಟೇ. ದೊಡ್ಡ ಶೋಧನೆ ಬಂದರೆ ಉಪವಾಸ ಮಾಡಿ ನಿಲ್ತೀವಿ. ನಿದ್ದೆಗೆಟ್ಟು, ಸಿಲ್ಕ್ ಬೋರ್ಡ್ ಟ್ರಾಫಿಕ್ ದಾಟಿ ಸೀಟಿಗೆ ಬಂದ ದಿನ ಒಂದು ಸಾಲಿನ ಮೆಸೇಜ್‌ಗೆ ಸಿಡಿದುಬೀಳ್ತೀವಿ.

ಈ ಅಧ್ಯಾಯದಲ್ಲಿ ನನಗೆ ಭಯ ಹುಟ್ಟಿಸೋದು ಬೇರೆ. ಬೈದವನು ನಾಬಾಲ ಒಬ್ಬನೇ. ದಾವೀದ ಆಣೆ ಇಟ್ಟದ್ದು ಆ ಮನೆಯ ಗಂಡಸರನ್ನೆಲ್ಲ ಬೆಳಗಾಗೋದರೊಳಗೆ ಮುಗಿಸ್ತೀನಿ ಅಂತ. ಅವರಲ್ಲಿ ಯಾರಿದ್ದರು? ತಾನೇ ಹಗಲೂ ರಾತ್ರಿ ಕಾವಲಿದ್ದು ಕಾಪಾಡಿದ ಕುರುಬರು! ದಾವೀದನ ಜನ ಒಳ್ಳೆಯವರು ಅಂತ ಸಾಕ್ಷಿ ಹೇಳಿದ ಆ ಆಳೂ ಇದ್ದ. ಮ್ಯಾನೇಜರ್ ಮೇಲಿನ ಸಿಟ್ಟು ಹೋದ ತಿಂಗಳು ಸೇರಿದ ಹುಡುಗಿ ಮೇಲೆ, ಸೆಕ್ಯುರಿಟಿ ಅಣ್ಣನ ಮೇಲೆ, ಮನೆಗೆ ಬಂದರೆ ಅಮ್ಮನ ಮೇಲೆ.

ಸಹಿಸ್ಕೊಂಡು ಸುಮ್ಮನಿರಿ ಅಂತ ನಾನು ಹೇಳ್ತಿಲ್ಲ. ಆ ಆಳು ಸುಮ್ಮನಿರಲಿಲ್ಲ, ಕೇಳುವ ಕಿವಿ ಇರೋ ಕಡೆ ಹೋಗಿ ಹೇಳಿದ. ಕಿರುಕುಳ ಇದ್ದರೆ ಎಚ್‌ಆರ್‌ಗೆ ಬರೆದು ಕೊಡಿ. ವಾರಗಟ್ಟಲೆ ನಿದ್ದೆ ಬರ್ತಿಲ್ಲ ಅಂದ್ರೆ ಡಾಕ್ಟರ್ ಹತ್ತಿರ ಹೋಗಿ. ಅದು ಅವಿಶ್ವಾಸ ಅಲ್ಲ.

ಅಬೀಗೈಲ ಏನು ಮಾಡಿದಳು? 200 ರೊಟ್ಟಿ, 5 ಕುರಿಗಳ ಮಾಂಸ, ಒಣದ್ರಾಕ್ಷಿ, ಅಂಜೂರ ಎಲ್ಲ ಕತ್ತೆಗಳ ಮೇಲೆ ಹೇರಿಸಿದಳು. ಹಸಿದವರ ಹತ್ತಿರ ಮೊದಲು ಊಟ ಹೋಯ್ತು, ಮಾತು ಹಿಂದೆ ಬಂತು. ವಾಪಸ್ ಬಂದರೆ ಗಂಡ ಕುಡಿದು ಅಮಲಿನಲ್ಲಿದ್ದ. ಆ ರಾತ್ರಿ ಒಂದು ಮಾತೂ ಆಡಲಿಲ್ಲ. ಬೆಳಗ್ಗೆ, ಅಮಲು ಇಳಿದ ಮೇಲೆ, ನಡೆದದ್ದನ್ನೆಲ್ಲ ಹೇಳಿದಳು.

ಉತ್ತರ ಟೈಪ್ ಮಾಡಿಟ್ಟು, ಇನ್ನೂ ಕಳಿಸದೆ ಇಲ್ಲಿ ಕೂತವರು ಇದ್ದೀರಿ. ಎದ್ದು ನಿಲ್ಲಿ, ಪ್ರಾರ್ಥಿಸೋಣ. ಕರ್ತನೇ, ನಾಳೆ ಬೆಳಗ್ಗೆ ಈ ಮಕ್ಕಳು ಅದೇ ಸೀಟಿಗೆ, ಅದೇ ಮುಖದ ಮುಂದೆ ಹೋಗ್ತಾರೆ. ಅವರಿಗಿಂತ ಮುಂಚೆ ನೀನು ಅಲ್ಲಿಗೆ ಹೋಗು. ಯೇಸುವಿನ ನಾಮದಲ್ಲಿ, ಆಮೆನ್.