ಹಿರಿಯರ ಭೇಟಿಯೂ ದಾಸೋಹವೇ



ಕಳೆದ ಅಮಾವಾಸ್ಯೆಯಂದು ಮದ್ದೂರಿನಲ್ಲಿ ಜರುಗಿದ ಶಿವಾನುಭವ ಗೋಷ್ಠಿಯಲ್ಲಿ, ಪೂಜ್ಯ ಅಪ್ಪಗಳು ಪ್ರವಾಸದಲ್ಲಿದ್ದ ಕಾರಣ ಅವರ ಅಪ್ಪಣೆಯ ಮೇರೆಗೆ ನಾವೇ ನಾಲ್ಕು ಮಾತು ಆಡಬೇಕಾಯಿತು. ನಾವು ಬಿ.ಕಾಂ. ಓದಿ ಮಠದ ಜಮಾಖರ್ಚು ಬರೆಯುವವರು. ಪ್ರವಚನ ನಮ್ಮ ಕಾಯಕವಲ್ಲ. ಆದರೆ ಅಂದು ಗೋಷ್ಠಿಯಲ್ಲಿ ಎದ್ದ ಪ್ರಶ್ನೆ ನಮ್ಮ ಕಡೆಗೇ ಬೊಟ್ಟು ಮಾಡಿತ್ತಾದ್ದರಿಂದ ಉತ್ತರವನ್ನೂ ನಾವೇ ಕೊಡಬೇಕಾಯಿತು. ಅದನ್ನೇ ಇಲ್ಲಿ ಬರೆದು ತಮ್ಮ ಸನ್ನಿಧಿಗೆ ಅರ್ಪಿಸುತ್ತಿದ್ದೇವೆ.

ಪ್ರಶ್ನೆ ಕೇಳಿದವರು ತೊಗರಿ ಬೆಳೆಯುವ ಒಬ್ಬ ರೈತ ಭಕ್ತರು. "ಅಪ್ಪಾರ, ನಮ್ಮವ್ವ ಮಠದಾಗ ಅದಾಳ. ನೋಡ್ಲಾಕ್ ಬಂದ್ರ ಕೆಮ್ಮು ಅದನ, ಜ್ವರ ಅದನ, ವಾಂತಿ ಆಗ್ಯಾದನ ಅಂತ ಪೋಲಿಸರ ಗತೆ ಕೇಳ್ಲಾಕತ್ತೀರಿ. ಹೆತ್ತಾಕಿನ್ನ ನೋಡ್ಲಾಕ್ ಚೀಟಿ ಬರಸ್ಬೇಕನ?" ಎಂದರು. ಸಭೆ ನಕ್ಕಿತು. ನಾವು ನಗಲಿಲ್ಲ, ಕಾರಣ ಅವರ ಮಾತಿನಲ್ಲಿ ಅರ್ಧ ಸತ್ಯವಿತ್ತು. ಉಳಿದರ್ಧ ಅವರಿಗೆ ಗೊತ್ತಿರಲಿಲ್ಲ.

ಮೊದಲು ಶರಣರ ಕಡೆಗೆ ನೋಡೋಣ. ಕಲ್ಯಾಣದ ಮಹಾಮನೆಗೆ ಮರುಳಶಂಕರದೇವರೆಂಬ ಶರಣರು ಬಹುದೂರದಿಂದ ಬಂದು, ಪ್ರಸಾದದ ಕುಂಡದ ಬಳಿ ಯಾರ ಕಣ್ಣಿಗೂ ಬೀಳದಂತೆ ಹನ್ನೆರಡು ವರ್ಷ ಇದ್ದರೆಂಬ ಕಥೆ ತಮಗೆಲ್ಲ ತಿಳಿದದ್ದೇ. ಅಲ್ಲಮಪ್ರಭುಗಳು ಬಂದು ಗುರುತು ಹಿಡಿಯುವವರೆಗೆ ಆ ಮನೆಯಲ್ಲಿ ಅವರು ಇದ್ದೂ ಇಲ್ಲದಂತಿದ್ದರು. ಅವರಿಗೆ ಅನ್ನಕ್ಕೆ ಕೊರತೆಯಿರಲಿಲ್ಲ, ನೆರಳಿಗೆ ಕೊರತೆಯಿರಲಿಲ್ಲ. ಕಾಣುವವರಿರಲಿಲ್ಲ, ಅಷ್ಟೆ. ದಿನಕ್ಕೆ ಅಷ್ಟು ಜನ ಜಂಗಮರಿಗೆ ದಾಸೋಹ ನಡೆಯುವ ಮನೆಯಲ್ಲೇ ಹೀಗಾಯಿತೆಂದರೆ ಬಸವಣ್ಣನವರು ಎಷ್ಟು ನೊಂದಿರಬೇಕು! ನಮ್ಮ ಹಿರಿಯರ ವಸತಿಯ ಪಡಸಾಲೆಯಲ್ಲಿ ಹಾದುಹೋಗುವಾಗಲೆಲ್ಲ ನಮಗೆ ಈ ಕಥೆ ನೆನಪಾಗುತ್ತದೆ.

ಈಗ ರೋಗದ ವಿಚಾರ. ಸೋಂಕು ನಮ್ಮ ಸೀಮೆಗೆ ಹೊಸದಲ್ಲ. 1896ರಲ್ಲಿ ಮುಂಬಯಿಗೆ ಬಂದ ಪ್ಲೇಗು ಮುಂದೆ ದಕ್ಷಿಣಕ್ಕೆಲ್ಲ ಹಬ್ಬಿತು. ಪ್ಲೇಗು ಬಂದಾಗ ಊರಿಗೆ ಊರೇ ಮನೆಗೆ ಬೀಗ ಹಾಕಿ ಹೊಲದಲ್ಲಿ ಗುಡಿಸಲು ಹಾಕುತ್ತಿತ್ತೆಂದು ನಮ್ಮ ಅಜ್ಜಂದಿರು ಹೇಳುತ್ತಿದ್ದರು. ಇಲಿ ಸತ್ತು ಬಿದ್ದರೆ ಊರು ಬಿಡಬೇಕೆಂಬ ತಿಳುವಳಿಕೆ ಅವರಿಗಿತ್ತು. ಅದು ಸರಿಯಾದ ತಿಳುವಳಿಕೆಯೇ, ಏಕೆಂದರೆ ಪ್ಲೇಗು ಇಲಿಯ ಮೈಮೇಲಿನ ಚಿಗಟದಿಂದ ಹರಡುವಂಥದು. ಆದರೆ 1897ರಲ್ಲಿ ಬ್ರಿಟಿಷ್ ಸರ್ಕಾರ ಸಾಂಕ್ರಾಮಿಕ ರೋಗಗಳ ಕಾಯ್ದೆ ತಂದು, ಪುಣೆಯಂಥ ಊರುಗಳಲ್ಲಿ ಸೈನಿಕರನ್ನು ಮನೆಮನೆಗೆ ನುಗ್ಗಿಸಿ, ರೋಗಿಗಳನ್ನು ಮನೆಯವರಿಂದ ಕಿತ್ತು ಒಯ್ಯತೊಡಗಿದಾಗ ಏನಾಯಿತು? ಜನ ರೋಗಿಯನ್ನೇ ಬಚ್ಚಿಡಲು ಕಲಿತರು. ಬಚ್ಚಿಟ್ಟ ರೋಗ ಇನ್ನಷ್ಟು ಹಬ್ಬಿತು. ಈ ಮಾತನ್ನು ಭಕ್ತರು ನೆನಪಿನಲ್ಲಿ ಇಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಅದೇ 1897ರ ಕಾಯ್ದೆಯನ್ನು 2020ರಲ್ಲಿ ಮತ್ತೆ ತೆಗೆಯಬೇಕಾಯಿತು. ಕೊರೋನಾದಿಂದ ನಮ್ಮ ದೇಶದಲ್ಲಿ ಮೊದಲು ತೀರಿಕೊಂಡವರು ಎಲ್ಲಿಯವರೋ ಅಲ್ಲ, ನಮ್ಮ ಮಗ್ಗುಲ ಕಲಬುರಗಿಯ 76 ವರ್ಷದ ಹಿರಿಯರು. ಅವರನ್ನು ಚಿಕಿತ್ಸೆಗೆಂದು ಹೈದರಾಬಾದಿಗೂ ಕರೆದೊಯ್ದಿದ್ದರು. ಮಾರ್ಚ್ 10ರಂದು ತೀರಿಕೊಂಡರು, ಎರಡು ದಿನದ ಮೇಲೆ ರೋಗ ಖಚಿತವಾಯಿತು. ಮಾರ್ಚ್ 25ರಿಂದ ದೇಶವೇ ಮುಚ್ಚಿತು. ಗಡಿಯಲ್ಲಿ ಚೆಕ್‌ಪೋಸ್ಟ್ ಬಿತ್ತು. ಹೊಲ ಆಚೆ, ಮನೆ ಈಚೆ ಇದ್ದವರ ಪಾಡು ತಮಗೆ ಗೊತ್ತಿದೆ. ನಮ್ಮ ಜನರಿಗೆ ಗಡಿ ಎಂದರೆ ನಕಾಶೆಯಲ್ಲಿನ ಗೆರೆ. ಮಗಳನ್ನು ಗುರುಮಠಕಲ್ಲಿಗೆ ಕೊಟ್ಟು, ಸೊಸೆಯನ್ನು ಸೇಡಂನಿಂದ ತಂದು, ಮಾಲನ್ನು ರಾಯಚೂರಿಗೆ ಹಾಕುವವರು ನಾವು. ಆ ವರ್ಷ ಗೆರೆ ಗೋಡೆಯಾಯಿತು.

ನಮ್ಮ ಹಿರಿಯರ ವಸತಿಯ ಗೇಟನ್ನೂ ಅಂದೇ ಮುಚ್ಚಿದೆವು. ಮುಚ್ಚಿದ್ದು ತಪ್ಪಲ್ಲ. ಅಮೆರಿಕ, ಸ್ಪೇನ್, ಇಟಲಿ ದೇಶಗಳಲ್ಲಿ ವೃದ್ಧಾಶ್ರಮಗಳಿಗೆ ಆ ಸೋಂಕು ಹೊಕ್ಕು ಒಂದೊಂದು ಕಟ್ಟಡದಲ್ಲೇ ಹತ್ತಾರು ಜನ ತೀರಿಕೊಂಡಿದ್ದರು. ತಪ್ಪಾದದ್ದು ಮುಂದೆ.

ನಮ್ಮಲ್ಲಿ ಒಬ್ಬ ಅಜ್ಜಿಯವರಿದ್ದರು. ಮಗ ರಾಯಚೂರಿನಲ್ಲಿ ಕಾಳುಕಡಿಯ ವ್ಯಾಪಾರಿ. ಪ್ರತಿ ಸೋಮವಾರ ತಪ್ಪದೆ ಬಂದು, ಮೆತ್ತನೆಯ ಜೋಳದ ರೊಟ್ಟಿಯನ್ನು ಪುಂಡಿಪಲ್ಯದಲ್ಲಿ ಕಲಸಿ ಕೈಯಾರೆ ಉಣಿಸಿ ಹೋಗುತ್ತಿದ್ದ. ಗೇಟು ಮುಚ್ಚಿದ ಮೇಲೆ ಫೋನಿನಲ್ಲಿ ಮುಖ ತೋರಿಸಿದೆವು. ಅಜ್ಜಿಗೆ ಕಿವಿ ಮಂದ. ಫೋನಿನಲ್ಲಿ ಮಗನ ಮುಖ ಕಂಡರೆ, "ಇವ ಯಾರಪ್ಪಾ, ಪೆಟಿಗ್ಯಾಗ ಕುಂತಾನ" ಎನ್ನುತ್ತಿದ್ದರು. ಶ್ರಾವಣದ ಹೊತ್ತಿಗೆ ದಾರಿ ತೆರೆದು ಮಗ ಬಂದ. ನಾವು ಗೇಟಿನಲ್ಲೇ ತಡೆದೆವು. ರೊಟ್ಟಿಯ ಗಂಟು ಹಿಡಿದು ಬೇವಿನ ಮರದ ಕೆಳಗೆ ಒಂದು ತಾಸು ನಿಂತ. "ಸರ್ಕಾರದ ನಿಯಮ" ಎಂದೆವು. ಸರ್ಕಾರ ಹಿರಿಯರು ಒಳಗೇ ಇರಲಿ, ಹೊರಗಿನವರ ಹತ್ತಿರ ಹೋಗದಿರಲಿ ಎಂದಿದ್ದು ನಿಜ. ಆದರೆ ಅಂಗಳದಲ್ಲಿ ನಾಲ್ಕು ಮಾರು ದೂರ ಕೂಡಿಸಿ ತಾಯಿ ಮಗನ ಮುಖ ತೋರಿಸಬೇಡಿರೆಂದು ಯಾರೂ ಹೇಳಿರಲಿಲ್ಲ. ಅದು ನಮ್ಮದೇ ಬುದ್ಧಿ. ನಿಯಮದ ಹೆಸರು ಹೇಳಿದರೆ ಯೋಚನೆ ಮಾಡುವ ಶ್ರಮ ತಪ್ಪುತ್ತದೆ.

ಅಜ್ಜಿಯವರು ಊಟ ಕಡಿಮೆ ಮಾಡಿದರು. ಪರೀಕ್ಷೆ ಮಾಡಿಸಿದೆವು, ಸೋಂಕು ಇರಲಿಲ್ಲ. ದೀಪಾವಳಿಯ ಹಿಂದಿನ ವಾರ ಲಿಂಗೈಕ್ಯರಾದರು. ಆ ವರ್ಷದ ನಮ್ಮ ವರದಿಯಲ್ಲಿ "ಸೋಂಕಿನಿಂದ ಸಾವು: ಇಲ್ಲ" ಎಂದು ಹೆಮ್ಮೆಯಿಂದ ಬರೆದೆವು. ಆ ತಾಯಿಯನ್ನು ಯಾವ ಖಾತೆಗೆ ಹಾಕಬೇಕೆಂಬುದನ್ನು ಬಿ.ಕಾಂ.ನಲ್ಲಿ ನಮಗೆ ಹೇಳಿಕೊಟ್ಟಿರಲಿಲ್ಲ.

ಇನ್ನೊಂದು ಮಗ್ಗುಲನ್ನೂ ಹೇಳದಿದ್ದರೆ ಅನ್ಯಾಯವಾಗುತ್ತದೆ. 2022ರ ಸಂಕ್ರಾಂತಿ. ಲಸಿಕೆ ಬಂದಿತ್ತು, ಗೇಟು ತೆರೆದಿತ್ತು, ಬಂದವರ ಜ್ವರ ನೋಡಿ ಬಿಡುತ್ತಿದ್ದೆವು. ಒಬ್ಬ ಭಕ್ತರು ಮೈ ಬಿಸಿಯಿದ್ದರೂ ಯಂತ್ರಕ್ಕೆ ಸಿಗಬಾರದೆಂದು ಜ್ವರದ ಗುಳಿಗೆ ನುಂಗಿ ಬಂದು, ತಮ್ಮ ತಂದೆಯವರಿಗಷ್ಟೇ ಅಲ್ಲ, ಎಲ್ಲರಿಗೂ ಕೈಯಿಂದ ಎಳ್ಳುಬೆಲ್ಲ ಹಂಚಿದರು. ಪ್ರೀತಿಯಿಂದಲೇ ಹಂಚಿದರು. ವಾರದೊಳಗೆ ಒಂಬತ್ತು ಜನ ಹಿರಿಯರು ಮಲಗಿದರು. ಒಬ್ಬ ಅಜ್ಜನವರು ಏಳಲಿಲ್ಲ. ಆ ಭಕ್ತರನ್ನು ಬೈಯುವುದು ಸುಲಭ. ಆದರೆ ಗುಳಿಗೆ ನುಂಗುವುದನ್ನು ಅವರಿಗೆ ಕಲಿಸಿದವರು ಯಾರು? ಜ್ವರವಿದೆ ಎಂದರೆ ಮುಖ ನೋಡದೆ ತಿರುಗಿ ಕಳಿಸುತ್ತಾರೆಂಬ ಭಯವನ್ನು ಹುಟ್ಟಿಸಿದವರು ನಾವೇ. ಪುಣೆಯ ಸೈನಿಕರು ಮಾಡಿದ್ದನ್ನು ನಾವು ಥರ್ಮಾಮೀಟರ್ ಹಿಡಿದು ಮಾಡಿದ್ದೆವು.

ಈ ಎರಡು ಘಟನೆಗಳ ನಂತರ ಪೂಜ್ಯರು ನಮ್ಮನ್ನು ಕರೆದು, "ಬಾಗಿಲಕ್ಕ ಎರಡೇ ಸ್ಥಿತಿ ಅಂದ್ಕೊಂಡೀಯೇನಪಾ, ತೆರೆಯೋದು, ಮುಚ್ಚೋದು? ಕಿಟಕಿ ಅಂತನೂ ಒಂದದ" ಎಂದರು. ಅಂದಿನಿಂದ ನಡೆಸಿಕೊಂಡು ಬಂದ ಪದ್ಧತಿಯನ್ನೇ ಆ ರೈತ ಭಕ್ತರು ಪೋಲಿಸರ ಕಾಟವೆಂದು ತಿಳಿದದ್ದು.

ಪದ್ಧತಿ ಇಷ್ಟೇ. ಜ್ವರ, ಕೆಮ್ಮು, ಭೇದಿ, ಮೈತುರಿಕೆ ಇದ್ದರೆ ಮುಚ್ಚಿಡದೆ ಹೇಳಬೇಕು. ಹೇಳಿದವರನ್ನು ನೋಡದೆ ಕಳಿಸುವುದಿಲ್ಲ ಎಂಬುದು ನಮ್ಮ ಮಾತು. ಬೇವಿನ ಮರದ ಕಡೆಯ ಕಿಟಕಿಗೆ ಕಲ್ಲಿನ ಕಟ್ಟೆ ಕಟ್ಟಿಸಿದ್ದೇವೆ. ಮೈಗೆ ಆರಾಮಿಲ್ಲದವರು ಬಾಯಿಗೆ ಬಟ್ಟೆ ಕಟ್ಟಿಕೊಂಡು ಹೊರಗೆ ಕೂಡುವುದು, ಹಿರಿಯರು ಒಳಗೆ ಕೂಡುವುದು, ಮಾತು ಎಷ್ಟು ಹೊತ್ತಾದರೂ ಆಗಲಿ. ಒಳಗೇ ಸೋಂಕು ಬಂದಾಗಲೂ ಒಬ್ಬೊಬ್ಬ ಹಿರಿಯರಿಗೆ ಮೊದಲೇ ಹೆಸರು ಬರೆಸಿದ ಒಬ್ಬ ಬಳಗದವರನ್ನು, ಕೈ ತೊಳೆಸಿ ಮಾಸ್ಕ್ ಹಾಕಿಸಿ, ಬಿಡುತ್ತೇವೆ. ಇದು ನಮ್ಮ ಹೊಸ ಶೋಧವಲ್ಲ. ನೆದರ್ಲೆಂಡ್ಸ್ ದೇಶದಲ್ಲಿ 2020ರ ಮಾರ್ಚ್ 20ರಂದು ಎಲ್ಲ ವೃದ್ಧಾಶ್ರಮಗಳ ಭೇಟಿ ನಿಲ್ಲಿಸಿದ್ದರು. ಹಿರಿಯರು ಕುಗ್ಗುವುದನ್ನು ಕಂಡು ಮೇ 11ರಿಂದ 26 ಆಶ್ರಮಗಳಲ್ಲಿ, ಒಬ್ಬರಿಗೆ ಒಬ್ಬರೇ ಗೊತ್ತುಪಡಿಸಿದ ಭೇಟಿಗಾರರೆಂದು ಪ್ರಯೋಗ ಮಾಡಿ, ಆಮೇಲೆ ಉಳಿದ ಕಡೆಗೂ ವಿಸ್ತರಿಸಿದರು. ಇಂಗ್ಲೆಂಡಿನಲ್ಲಿ 2024ರ ಏಪ್ರಿಲ್‌ನಿಂದ, ಅತ್ಯಂತ ವಿಶೇಷ ಸಂದರ್ಭದ ಹೊರತು ಭೇಟಿ ತಡೆಯಬಾರದೆಂದು ನಿಯಮವನ್ನೇ ಮಾಡಿದ್ದಾರೆ. ಅಂತ್ಯಕಾಲ ಸಮೀಪಿಸಿದವರ ಬಳಿಗಂತೂ ಮಕ್ಕಳನ್ನು ಯಾವ ರೋಗದ ನೆಪದಿಂದಲೂ ತಡೆಯಕೂಡದೆಂದು ಪೂಜ್ಯರ ಕಟ್ಟಪ್ಪಣೆಯಾಗಿದೆ.

ಇನ್ನು ರೋಗ ರೋಗಕ್ಕೆ ಲೆಕ್ಕ ಬೇರೆ. ವಾಂತಿಭೇದಿ ಬಂದ ಮನೆಯವರು ಅದು ನಿಂತ ಮೇಲೂ ಎರಡು ದಿನ, ಅಂದರೆ 48 ತಾಸು, ಒಳಗೆ ಬರಬಾರದು. ಅದಕ್ಕೆ ಸ್ಯಾನಿಟೈಜರ್ ಸಾಲದು, ಸಾಬೂನು ನೀರಿನಲ್ಲಿ ಕೈ ತಿಕ್ಕಿ ತೊಳೆಯಬೇಕು. ಹಿರಿಯರಿಗೆ ಭೇದಿಯಾದರೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ ಗುಟುಕು ಗುಟುಕಾಗಿ ಕುಡಿಸುತ್ತ ವೈದ್ಯರಿಗೆ ಹೇಳಿಕಳಿಸಬೇಕು. ಕಜ್ಜಿಯನ್ನು ನಮ್ಮವರು ನಾಚಿಕೆಯಿಂದ ಮುಚ್ಚಿಡುತ್ತಾರೆ. ಅದು ಹೊಲಸಿನ ಗುರುತಲ್ಲ, ಮೈಯಿಂದ ಮೈಗೆ ಹತ್ತುವ ಕಣ್ಣಿಗೆ ಕಾಣದ ಹುಳ. ಮೊದಲ ಸಲ ಹತ್ತಿದವರಿಗೆ ತುರಿಕೆ ಕಾಣಲು ನಾಲ್ಕರಿಂದ ಆರು ವಾರ ಬೇಕು. ಅಷ್ಟರೊಳಗೆ ಹತ್ತು ಜನರಿಗೆ ಕೊಟ್ಟಿರುತ್ತಾರೆ. ಒಬ್ಬರಿಗೆ ಬಂದರೆ ಜೊತೆಗಿದ್ದವರೆಲ್ಲ ಒಂದೇ ದಿನ ಮುಲಾಮು ಹಚ್ಚಿಕೊಳ್ಳಬೇಕು, ಇಲ್ಲದಿದ್ದರೆ ಸುತ್ತಿ ಸುತ್ತಿ ಬರುತ್ತದೆ.

ಮನೆಯಲ್ಲಿ ಹಿರಿಯರಿದ್ದವರೂ ಒಂದು ಸಂಗತಿ ತಿಳಿದಿರಲಿ. ವಯಸ್ಸಾದವರಿಗೆ ಸೋಂಕು ತಗುಲಿದಾಗ ಮೈ ಬಿಸಿಯಾಗಲೇಬೇಕೆಂದಿಲ್ಲ. ನಿನ್ನೆವರೆಗೆ ಸರಿಯಿದ್ದ ಅಜ್ಜ ಇಂದು ಊಟ ಬೇಡವೆನ್ನುವುದು, ಅಸಂಬದ್ಧ ಮಾತಾಡುವುದು, ಸುಮ್ಮನೆ ಜೋಲಿ ಹೊಡೆದು ಬೀಳುವುದು, ಇವೇ ಮೊದಲ ಲಕ್ಷಣ. "ಮುಪ್ಪು, ಹಿಂಗೇ" ಎಂದು ಸುಮ್ಮನಾಗಬೇಡಿರಿ. ಇದನ್ನು ದಿನವೂ ನೋಡುವ ಕಣ್ಣು ಮಾತ್ರ ಗುರುತಿಸಬಲ್ಲದು. ಆದ್ದರಿಂದ ಬಳಗದವರ ಭೇಟಿ ಸೋಂಕು ತರುವ ದಾರಿ ಮಾತ್ರವಲ್ಲ, ಸೋಂಕನ್ನು ಬೇಗ ಹಿಡಿಯುವ ದಾರಿಯೂ ಹೌದು.

ಪಾದೋದಕ, ಪ್ರಸಾದದ ವಿಷಯ ಕೆಲವರಿಗೆ ನೋವಾಗಿದೆ. ರೋಗದ ದಿನಗಳಲ್ಲಿ ಒಂದೇ ಬಟ್ಟಲಿನಿಂದ ಪಾದೋದಕ ಕೊಡದೆ, ಪ್ರತ್ಯೇಕ ಬಟ್ಟಲಿನಲ್ಲಿ ಕೊಡುತ್ತೇವೆ. ವಿಭೂತಿಯನ್ನು ಹಣೆಗೆ ಹಚ್ಚುವ ಬದಲು ಅವರವರ ಕೈಯಲ್ಲೇ ಇಡುತ್ತೇವೆ. ಅಷ್ಟಾವರಣಕ್ಕೆ ಇದರಿಂದ ಲೋಪವಿಲ್ಲವೆಂದು ಪೂಜ್ಯರು ನುಡಿದಿದ್ದಾರೆ. ಇಷ್ಟಲಿಂಗವೇ ಒಬ್ಬೊಬ್ಬರ ಅಂಗೈಯಲ್ಲಿ ಒಂದೊಂದಾಗಿರುವಾಗ ಬಟ್ಟಲು ಒಂದೇ ಆಗಿರಬೇಕೆಂಬ ಹಟವೇಕೆ? ಶರಣರ ಬಳಗದಲ್ಲಿ ವೈದ್ಯ ಸಂಗಣ್ಣನವರೂ ಇದ್ದರು. ಮದ್ದು ಕೊಡುವುದೂ ಅಲ್ಲಿ ಕಾಯಕವಾಗಿತ್ತು.

ಕಾಯಕವೆಂದಾಗ ಹಿರಿಯರ ಮೈ ತೊಳೆಯುವ, ಹಾಸಿಗೆ ಬದಲಿಸುವ ತಾಯಂದಿರ ಮಾತು ಬಂತು. ಮೊದಲು ಒಂದು ದಿನ ಬಾರದಿದ್ದರೆ ಅವರ ಕೂಲಿ ಮುರಿಯುತ್ತಿದ್ದೆವು. ಹೀಗಾಗಿ ಜ್ವರವಿದ್ದರೂ ಬರುತ್ತಿದ್ದರು, ಹಾಸಿಗೆಯಿಂದ ಹಾಸಿಗೆಗೆ ಹೋಗುತ್ತಿದ್ದರು. ನಮ್ಮ ಲೆಕ್ಕದಲ್ಲಿ ಉಳಿತಾಯ, ಅವರ ಮೈಯಲ್ಲಿ ಸೋಂಕು. ಈಗ ಕಾಯಿಲೆಯ ದಿನಕ್ಕೂ ಪೂರ್ತಿ ಕೂಲಿ ಕೊಡುತ್ತೇವೆ. ಮಠಕ್ಕೆ ಕಾಣಿಕೆ ಕೊಡಬಯಸುವ ವರ್ತಕ ಭಕ್ತರು ಗೋಪುರಕ್ಕಿಂತ ಮೊದಲು ಈ ಬಾಬ್ತಿನ ಕಡೆ ಗಮನಿಸಿದರೆ ಸಂತೋಷ.

ಮಣ್ಣು ಕೊಡುವ ವಿಷಯ ಗೋಷ್ಠಿಯಲ್ಲಿ ಕೇಳಿದರು. 2020ರಲ್ಲಿ ಹೆದರಿಕೆಯಿಂದ ಎಷ್ಟೋ ಕಡೆ ಮುಖವನ್ನೂ ತೋರಿಸಲಿಲ್ಲ. ಆದರೆ ಆ ಮಾರ್ಚ್‌ನಲ್ಲೇ ಕೇಂದ್ರ ಆರೋಗ್ಯ ಸಚಿವಾಲಯ ಹೊರಡಿಸಿದ ಸೂಚನೆಯಲ್ಲಿ, ಎಚ್ಚರಿಕೆ ವಹಿಸಿ ಚೀಲದ ಬಾಯಿ ತೆರೆದು ಮುಖ ತೋರಿಸಬಹುದು, ದೇಹ ಮುಟ್ಟದೆ ಮಂತ್ರ ಹೇಳಿ ತೀರ್ಥ ಪ್ರೋಕ್ಷಿಸಬಹುದು ಎಂದೇ ಇತ್ತು. ಮೈ ತೊಳೆಯುವುದು, ಅಪ್ಪಿಕೊಳ್ಳುವುದು ಮಾತ್ರ ಬೇಡವೆಂದಿತ್ತು. ಓದಿ ನೋಡಿದವರು ಕಡಿಮೆ. ನಾವೂ ಓದಿರಲಿಲ್ಲ.

ಕೊನೆಗೆ ಒಂದು ಕಟುಮಾತು, ಕ್ಷಮೆಯಿರಲಿ. ಗೇಟು ಮುಚ್ಚಿದಾಗ ಹೆಚ್ಚು ಗಲಾಟೆ ಮಾಡಿದ ಕೆಲವರ ಹೆಸರನ್ನು ಭೇಟಿಯ ಪುಸ್ತಕದಲ್ಲಿ ಹುಡುಕಿದೆವು. ಅದಕ್ಕೆ ಹಿಂದಿನ ಎರಡು ವರ್ಷ ಅವರು ಬಂದೇ ಇರಲಿಲ್ಲ. ತಂದೆತಾಯಿಯನ್ನು ನೋಡಿಕೊಳ್ಳುವುದು 2007ರ ಕಾಯ್ದೆಯ ಪ್ರಕಾರ ಮಕ್ಕಳ ಮೇಲಿನ ಹೊಣೆ. ಕಷ್ಟದಲ್ಲಿರುವ ಹಿರಿಯರು 14567 ನಂಬರಿಗೆ ಫೋನ್ ಮಾಡಿದರೆ ದುಡ್ಡಿಲ್ಲದೆ ಸಹಾಯ ಕೇಳಬಹುದು. ಕಾಯ್ದೆಯಿಂದ ಖರ್ಚು ವಸೂಲಾದೀತು. ಸೋಮವಾರದ ರೊಟ್ಟಿ ವಸೂಲಾಗದು.

ಶ್ರಾವಣ ಬರುತ್ತಿದೆ, ಮಳೆಗಾಲದ ಜ್ವರವೂ ಅದರ ಜೊತೆಗೇ ಬರುತ್ತದೆ. ಸೋಮವಾರಗಳಲ್ಲಿ ಮುಂಜಾನೆ ಹತ್ತರಿಂದ ಸಂಜೆ ಐದರವರೆಗೆ ಭೇಟಿಗೆ ಅವಕಾಶವಿದೆ. ಹೆಸರು ಬರೆಸದ ಬಳಗದವರು ಬಂದ ದಿನವೇ ಬರೆಸತಕ್ಕದ್ದು. ಪ್ರಶ್ನೆ ಕೇಳಿದ ಆ ರೈತ ಭಕ್ತರು ಮೊನ್ನೆ ಸೋಮವಾರ ಬಂದಿದ್ದರು. ಬಾಗಿಲಲ್ಲಿ ತಾವಾಗಿಯೇ, "ಎರಡು ದಿನದಿಂದ ನೆಗಡಿ ಅದರಿ" ಎಂದು ಹೇಳಿ, ನಾವು ತೋರಿಸುವ ಮೊದಲೇ ಬೇವಿನ ಮರದ ಕಡೆ ನಡೆದರು. ಅವರ ತಾಯಿಯನ್ನು ಕಿಟಕಿಯ ಬಳಿ ಕೂಡಿಸಿದೆವು. ತಾಯಿ ಮೊದಲು ಕೇಳಿದ್ದು, "ತೊಗರಿ ಬಿತ್ತಿದ್ಯಾ?" ಎಂದು. ಮಧ್ಯಾಹ್ನದ ಪ್ರಸಾದದ ಗಂಟೆ ಬಾರಿಸುವವರೆಗೂ ಇಬ್ಬರೂ ಎದ್ದಿರಲಿಲ್ಲ.