ಹಾಡಿಗೆ ಕೊಟ್ಟ ಹಣ

ದೀಪಾವಳಿ ಕಳೆದು ಪತ್ತನಾಜೆ ಬರುವ ತನಕ ಸವಣೂರಿನ ಸುತ್ತಮುತ್ತ ಎಲ್ಲಾದರೊಂದು ಗದ್ದೆಯಲ್ಲಿ ಚೆಂಡೆಯ ಸದ್ದು ಇದ್ದೇ ಇರುತ್ತದೆ. ಕಟೀಲು ಮೇಳದ ಆಟವಾದರೆ ಅದು ಯಾರದೋ ಹರಕೆ. ಅದಕ್ಕಾಗಿ ಸೇವಾಕರ್ತರು ವರ್ಷಗಟ್ಟಲೆ ಕಾದಿರುತ್ತಾರೆ; ಖರ್ಚೂ ಅವರದೇ. ರಂಗಸ್ಥಳದ ಮುಂದೆ ಕೂತವರ ಕೈಯಲ್ಲಿ ಮಾತ್ರ ಟಿಕೆಟ್ ಇಲ್ಲ. ಒಬ್ಬರು ಕೊಟ್ಟದ್ದು ಊರಿಗೆಲ್ಲ ಕೇಳುತ್ತದೆ.

ಈಗ ಯಾವ ಕಂಪೆನಿಯ ಹಂಗೂ ಇಲ್ಲದ ಹಾಡುಗಾರರು ಕೇಳುಗರಿಂದಲೇ ನೇರವಾಗಿ ಹಣ ಕೇಳುತ್ತಾರೆ. ಇದು ತೀರಾ ಹೊಸತಲ್ಲ. 1997ರಲ್ಲಿ ಬ್ರಿಟನ್ನಿನ ಮರಿಲಿಯನ್ ಎಂಬ ತಂಡವನ್ನು ಅಮೆರಿಕಕ್ಕೆ ಕರೆಸಿಕೊಳ್ಳಲು ಅಭಿಮಾನಿಗಳೇ ಸುಮಾರು 60,000 ಡಾಲರ್ ಕೂಡಿಸಿದ್ದರು. ನಮ್ಮಲ್ಲಿ ಪವನ್ ಕುಮಾರ್ ಅವರ ‘ಲೂಸಿಯಾ’ (2013) ಚಿತ್ರಕ್ಕೆ ನೂರಕ್ಕೂ ಹೆಚ್ಚು ಜನ ಸೇರಿ ಸುಮಾರು 50 ಲಕ್ಷ ರೂಪಾಯಿ ಹಾಕಿದರು.

ಹಣ ಬರುವ ದಾರಿ ಸಲೀಸಾಯಿತು. ಆದರೆ ಕೊಟ್ಟವರಿಗೆ ಹಾಡಿನ ಮೇಲೆ ಎಷ್ಟು ಹಕ್ಕು? ‘ನಾವು ಕೊಟ್ಟದ್ದು ಇಂಥ ಹಾಡಿಗಲ್ಲ’ ಎಂದು ಐನೂರು ರೂಪಾಯಿ ಕಳಿಸಿದವರು ಹೇಳಿದರೆ ಹಾಡುಗಾರ ಏನು ಮಾಡಬೇಕು?

ಹರಕೆಯಾಟದಲ್ಲಿ ಸೇವಾಕರ್ತರು ಪ್ರಸಂಗ ಯಾವುದೆಂದು ಹೇಳಬಹುದು. ಆದರೆ ಭಾಗವತರು ಪದವನ್ನು ಎಲ್ಲಿ ಎತ್ತಬೇಕು, ಎಲ್ಲಿ ಇಳಿಸಬೇಕು ಎಂದು ಹೇಳುವಂತಿಲ್ಲ. ಅದಕ್ಕೊಂದು ಕಾರಣವಿದೆ. ಅಲ್ಲಿ ಹಣ ಹೋಗುವುದು ದೇವಿಯ ಹೆಸರಿನಲ್ಲಿ. ಕೊಡುವವನಿಗೂ ಹಾಡುವವನಿಗೂ ನಡುವೆ ಇಬ್ಬರಿಗಿಂತ ದೊಡ್ಡದೊಂದಿದೆ. ಹಾಗಾಗಿ ಕೊಟ್ಟವನು ‘ನಾನು ಸಾಕಿದೆ’ ಎನ್ನಲಾರ. ಹಾಡಿದವನು ಕೈ ಮುಗಿದು ಕುಗ್ಗಬೇಕಾಗಿಲ್ಲ. ಮೊಬೈಲಿನಿಂದ ಮೊಬೈಲಿಗೆ ಹೋಗುವ ಹಣಕ್ಕೆ ಈ ನಡುವಿನದ್ದು ಇಲ್ಲ. ಆದ್ದರಿಂದ ಪ್ರೀತಿಯಿಂದ ಕೊಟ್ಟದ್ದೂ ಬೇಗ ಲೆಕ್ಕವಾಗುತ್ತದೆ.

ಹಳೆಯ ವ್ಯವಸ್ಥೆಯನ್ನು ಹೊಗಳಿ ಮುಗಿಸುವುದು ಸುಲಭ. ಆದರೆ ಅಲ್ಲಿ ಕಲಾವಿದ ಮೇಳದ ಸಂಬಳಗಾರ. ತನ್ನದೇ ಹೊಸ ಹಾಡು ಕಟ್ಟುವವನಿಗೆ ಆ ಆಸರೆಯಿಲ್ಲ. ಅವನು ಕೇಳಲೇಬೇಕು, ಕೇಳುವುದರಲ್ಲಿ ನಾಚಿಕೆಯೂ ಬೇಡ. ಒಪ್ಪಿಕೊಂಡ ಕೆಲಸವನ್ನು ಮಾಡಿ ಮುಗಿಸುವುದು, ಖರ್ಚಿನ ಲೆಕ್ಕ ಒಪ್ಪಿಸುವುದು ಅವನ ಋಣ. ಕೊಟ್ಟವರ ರುಚಿಗೆ ಹಾಡುವುದು ಆ ಋಣದಲ್ಲಿ ಸೇರುವುದಿಲ್ಲ.

ಕೊಡುವ ನಮಗೂ ಒಂದು ಪರೀಕ್ಷೆಯಿದೆ. ನಾನು ಹಣ ಹಾಕಿದ ಹಾಡನ್ನು ಏನೂ ಕೊಡದ ಒಬ್ಬ ಕೂತು ಕೇಳಿದಾಗ ನನಗೆ ಹೊಟ್ಟೆಯುರಿಯುತ್ತದೋ, ಸಂತೋಷವಾಗುತ್ತದೋ? ಹೊಟ್ಟೆಯುರಿದರೆ ನಾನು ಕೊಂಡದ್ದು ಸರಕು. ಸಂತೋಷವಾದರೆ ಗದ್ದೆಯಲ್ಲಿ ಆಟ ಆಡಿಸಿದಂತಾಯಿತು.