ಶುಶ್ರೂಷೆಯ ವ್ರತವೂ ಖಡ್ಗವೂ

ಭೂಮಧ್ಯ ಸಮುದ್ರದ ಪ್ರವಾಸಿ ಹಡಗುಗಳು ತಂಗುವ ರೋಡ್ಸ್ ದ್ವೀಪದ ಕೋಟೆಪಟ್ಟಣವು, ಧರ್ಮಸೇವೆಗೆ ದೀಕ್ಷೆ ಪಡೆದವನು ಆಯುಧ ಹಿಡಿಯಬಹುದೇ ಎಂಬ ಹಳೆಯ ಪ್ರಶ್ನೆಯನ್ನು ನೋಡುಗರ ಮುಂದಿಡುತ್ತದೆ. 1522ರವರೆಗೆ ಎರಡು ಶತಮಾನಕ್ಕೂ ಮಿಕ್ಕಿ ಇದನ್ನು ಆಳಿದವರು ಹಾಸ್ಪಿಟಲರ್‌ಗಳು, ಅಂದರೆ ಜೆರುಸಲೇಮಿನಲ್ಲಿ ಯಾತ್ರಿಕರ ಆರೈಕೆಗೆಂದು ಹುಟ್ಟಿ ಕ್ರಮೇಣ ಯುದ್ಧವನ್ನೂ ಕರ್ತವ್ಯವಾಗಿಸಿಕೊಂಡ ಕ್ರೈಸ್ತ ಧಾರ್ಮಿಕ ಸಂಘದವರು. ಬಡತನ, ಬ್ರಹ್ಮಚರ್ಯ, ವಿಧೇಯತೆಗಳ ವ್ರತ ತೊಟ್ಟ ಇವರು ರೋಗಿಗಳನ್ನು ತಮ್ಮ ಒಡೆಯರೆಂದೇ ಕರೆಯುತ್ತಿದ್ದರು.

ಆ ಮಾತು ಬರಿಯ ಉಪಚಾರದ್ದಲ್ಲ. 1489ರಲ್ಲಿ ಪೂರ್ಣಗೊಂಡು ಈಗ ಪುರಾತತ್ವ ಸಂಗ್ರಹಾಲಯವಾಗಿರುವ ಅವರ ಆಸ್ಪತ್ರೆಯ ಮೇಲಂತಸ್ತಿನಲ್ಲಿ, ನಡುವೆ ಒಂದೇ ಸಾಲು ಕಂಬಗಳಿರುವ ಉದ್ದನೆಯ ಹಜಾರವಿದ್ದು, ಅದರ ಗೋಡೆಯಿಂದ ಹೊರಚಾಚಿದ ಪುಟ್ಟ ಪೂಜಾಸ್ಥಾನವನ್ನು ಹಾಸಿಗೆ ಬಿಟ್ಟೇಳಲಾಗದವರೂ ಪ್ರಾರ್ಥನೆಯಲ್ಲಿ ಪಾಲ್ಗೊಳ್ಳುವಂತೆ ರೂಪಿಸಲಾಗಿದೆ.

ಗೋಡೆಯಿಲ್ಲದೆ ಆಸ್ಪತ್ರೆ ಉಳಿಯದು, ಆದ್ದರಿಂದ ರಕ್ಷಣೆಯೂ ಸೇವೆಯೇ ಎಂಬ ವಾದ ಅವರ ಪರವಾಗಿ ನಿಲ್ಲುತ್ತದೆ, ಮತ್ತು ಆ ವಾದವನ್ನು ಸುಲಭವಾಗಿ ತಳ್ಳಿಹಾಕಲಾಗದು. ಆದರೆ ಅವರ ನೌಕೆಗಳು ಮುಸ್ಲಿಮರ ಹಡಗುಗಳನ್ನು ಸೂರೆಗೊಂಡವು, ಸೆರೆಸಿಕ್ಕವರು ಗುಲಾಮರಾದರು; ಅಲ್ಲಿಗೆ ರಕ್ಷಣೆಯ ಸಮರ್ಥನೆ ಮುರಿದುಬೀಳುತ್ತದೆ. ಜೆರುಸಲೇಮಿನ ಅವರ ಮೊದಲ ಆಸ್ಪತ್ರೆಯಲ್ಲಿ ಮುಸ್ಲಿಮರಿಗೂ ಯೆಹೂದ್ಯರಿಗೂ ಆರೈಕೆ ಸಿಗುತ್ತಿತ್ತೆಂದು 12ನೆಯ ಶತಮಾನದ ಬರಹವೊಂದು ಹೇಳುವುದನ್ನು ನೆನೆದರೆ, ಖಡ್ಗವು ವ್ರತವನ್ನು ಎಷ್ಟು ಕಿರಿದಾಗಿಸಿತೆಂಬುದು ಸ್ಪಷ್ಟವಾಗುತ್ತದೆ.

ಆಟೊಮನ್ ಸುಲ್ತಾನ ಸುಲೈಮಾನನ ಮುತ್ತಿಗೆಗೆ ಮಣಿದು ಅವರು 1523ರ ಜನವರಿಯಲ್ಲಿ ದ್ವೀಪ ತೊರೆದರು. ಅದೇ ಸಂಘ ಇಂದು ಆಳಲು ನಾಡಿಲ್ಲದೆ, ಯುದ್ಧ ಮಾಡದೆ, ವೈದ್ಯಕೀಯ ಸೇವೆಯನ್ನು ಮಾತ್ರ ಅನೇಕ ದೇಶಗಳಲ್ಲಿ ಮುಂದುವರಿಸಿದೆ.